ಫ್ಲೋರಿಡಾ ಫ್ಲೈಯಿಂಗ್ ಸ್ಕೂಲು: ಹಾರೋಕೆ ಕೊಟ್ಟ ದುಡ್ಡು ಸರಿ, ಕಾಯೋಕೆ ಕೊಟ್ಟಿದ್ದು?

ಸ್ಕೂಲಿನ ಹೆಸರು ಹಾಕಲ್ಲ, ಮೊದಲೇ ಹೇಳ್ಬಿಡ್ತೀನಿ. ಹೆಸರು ಹಾಕಿದ್ರೂ ನಿಮಗೆ ಉಪಯೋಗ ಇಲ್ಲ, ಯಾಕಂದ್ರೆ ಅಲ್ಲಿನ ಅರ್ಧ ಸ್ಕೂಲುಗಳು ಇದೇ ತರ ನಡೀತಿವೆ ಅಂತ ಬೇರೆ ಕಡೆ ಓದಿದ ಹುಡುಗರ ಹತ್ರ ಮಾತಾಡಿದಾಗ ಗೊತ್ತಾಯ್ತು. ಫ್ಲೋರಿಡಾದ ಮಧ್ಯಭಾಗ, ಓರ್ಲ್ಯಾಂಡೋದಿಂದ ಕಾರಲ್ಲಿ ಒಂದು ಗಂಟೆ ಒಳಗೆ, ಅಷ್ಟು ಸಾಕು. 2022 ಫೆಬ್ರವರಿಯಿಂದ 2023 ಜುಲೈವರೆಗೆ ಇದ್ದೆ. ರೇಟಿಂಗ್ ಮಾತ್ರ ಸಾಕು ಅನ್ನೋರಿಗೆ: ಹಾರೋದು ಕಲಿಸಿದ್ದಕ್ಕೆ 5ಕ್ಕೆ 4, ಆಫೀಸು, ಬಿಲ್ಲು, ಶೆಡ್ಯೂಲಿಂಗ್‌ಗೆ 5ಕ್ಕೆ ಒಂದೂವರೆ. ಆ ಅರ್ಧ ಕೊಟ್ಟಿದ್ದು ರಿಸೆಪ್ಷನ್‌ನಲ್ಲಿದ್ದ ಅಜ್ಜಿಗೆ, ಪಾಪ ಅವರೊಬ್ಬರೇ ನಿಜ ಹೇಳ್ತಿದ್ರು.

ನಮ್ದು ತಿಪಟೂರು. ಅಪ್ಪಂಗೆ ಒಂದು ಸಣ್ಣ ಅಂಗಡಿ, ಊರಾಚೆ ಎರಡೂವರೆ ಎಕರೆ ತೆಂಗಿನ ತೋಟ. ಮನೇಲಿ ಯಾರೂ ವಿಮಾನ ಹತ್ತಿದೋರಲ್ಲ. ನನಗೆ ಈ ಹುಚ್ಚು ಹಿಡಿದಿದ್ದು ಬೆಂಗಳೂರಲ್ಲಿ ಪಿಯುಸಿ ಓದ್ವಾಗ, ಬಳ್ಳಾರಿ ರೋಡಲ್ಲಿ ಬಸ್ಸಲ್ಲಿ ಹೋಗ್ತಾ ಜಕ್ಕೂರು ಹತ್ರ ತಲೆ ಮೇಲೇ ಇಳಿಯೋ ಪುಟ್ಟ ವಿಮಾನ ನೋಡಿ. ಇಲ್ಲೇ ಕಲೀಬಹುದಿತ್ತಲ್ಲ ಅಂತ ಎಲ್ಲರೂ ಕೇಳ್ತಾರೆ. ಆಗ ನನಗಿಂತ ಸೀನಿಯರ್ ಒಬ್ಬ ನಮ್ಮ ದೇಶದಲ್ಲೇ ಒಂದು ಫ್ಲೈಯಿಂಗ್ ಕ್ಲಬ್‌ಗೆ ಸೇರಿ ಮೂರು ವರ್ಷ ಆಗಿತ್ತು, ಲೈಸೆನ್ಸ್‌ಗೆ ಬೇಕಾದ 200 ಗಂಟೆ ಹಾರಾಟ ಇನ್ನೂ ಮುಗಿದಿರಲಿಲ್ಲ. ವಿಮಾನ ಇದ್ರೆ ಇನ್‌ಸ್ಟ್ರಕ್ಟರ್ ಇಲ್ಲ, ಇಬ್ಬರೂ ಇದ್ರೆ ಮೋಡ. ಅವನ ಕಥೆ ಕೇಳಿ ನಾನು ಹೊರಗಡೆ ಹೋಗೋದೇ ಸರಿ ಅಂದ್ಕೊಂಡೆ. ಕಾಯೋದು ತಪ್ಪಿಸ್ಕೊಳ್ಳೋಕೆ ಅಂತ ಹೋದೆ ಅನ್ನೋದು ನೆನಪಲ್ಲಿಟ್ಕೊಳ್ಳಿ, ಮುಂದೆ ಬರುತ್ತೆ.

ಬೆಂಗಳೂರಲ್ಲಿ ಒಬ್ಬ ಏಜೆಂಟ್ ಒಂದು ಹೋಟೆಲಲ್ಲಿ ಸೆಮಿನಾರ್ ಮಾಡ್ದ. ಕಾಫಿ, ಬಿಸ್ಕೆಟ್ಟು, ಪ್ರೊಜೆಕ್ಟರು, ಯೂನಿಫಾರ್ಮ್ ಹಾಕಿದ ಹುಡುಗನ ಫೋಟೋ. 10 ತಿಂಗಳು, 52 ಸಾವಿರ ಡಾಲರ್, ಪ್ರೈವೇಟ್, ಇನ್‌ಸ್ಟ್ರುಮೆಂಟ್, ಕಮರ್ಷಿಯಲ್, ಮಲ್ಟಿ ಇಂಜಿನ್ ಅಂತ ಲೈಸೆನ್ಸು, ರೇಟಿಂಗು ಎಲ್ಲ ಸೇರಿ. ಅಪ್ಪ ಒಂದೇ ಪ್ರಶ್ನೆ ಕೇಳಿದ್ರು, "ಅದಕ್ಕಿಂತ ಜಾಸ್ತಿ ಆದ್ರೆ ಯಾರ್ ಕೊಡ್ತಾರೆ ಸ್ವಾಮಿ?" ಏಜೆಂಟ್ ನಕ್ಕು "ಸಾರ್, ಅದು ನಿಮ್ಮ ಹುಡುಗನ ಬುದ್ಧಿವಂತಿಕೆ ಮೇಲೆ" ಅಂದ. ನಾನೂ ನಕ್ಕೆ, ನನಗೆ ಬುದ್ಧಿ ಇದೆ ಅಂತ ನಂಬಿದ್ದೆನಲ್ಲ. ಆ 52 ಸಾವಿರ ಅನ್ನೋದು ಕಾನೂನಲ್ಲಿ ಹೇಳಿರೋ ಕನಿಷ್ಠ ಗಂಟೆಗೆ ಹಾಕಿದ ಲೆಕ್ಕ, ಅಮೆರಿಕದಲ್ಲಿ ಪ್ರೈವೇಟ್ ಲೈಸೆನ್ಸ್‌ಗೆ ಕನಿಷ್ಠ 40 ಗಂಟೆ ಅಂತ ಇದೆ ಆದ್ರೆ ನಮ್ಮ ಬ್ಯಾಚಲ್ಲಿ 40ಕ್ಕೆ ಮುಗಿಸಿದೋನು ಒಬ್ಬನೂ ಇಲ್ಲ, ನಂದು 63 ಆಯ್ತು, ಇನ್ನೊಬ್ಬಂದು 80 ದಾಟ್ತು.

ಅದರ ಮೇಲೆ ಡಾಲರ್ ಕಥೆ. ನಾನು ಹೊರಟಾಗ ಡಾಲರ್‌ಗೆ 75 ರೂಪಾಯಿ ಆಸುಪಾಸು. ಅದೇ ವರ್ಷ ಅಕ್ಟೋಬರ್ ಹೊತ್ತಿಗೆ 82 ದಾಟ್ತು. ಸಾಲ ಮಂಜೂರಾಗಿದ್ದು ರೂಪಾಯಿ ಲೆಕ್ಕದಲ್ಲಿ, ತೋಟ ಅಡ ಇಟ್ಟಿದ್ದು ರೂಪಾಯಿಗೆ, ಸ್ಕೂಲು ಕೇಳೋದು ಡಾಲರು. ವಿಮಾನ ಹತ್ತದೇನೇ ಸುಮ್ನೆ ಮಲಗಿದ್ರೂ ಫೀಸು ಜಾಸ್ತಿ ಆಗೋದು. ನನ್ನ ಕಡೇ ಲೆಕ್ಕ ಹೇಳ್ತೀನಿ: ಸ್ಕೂಲಿಗೆ 68 ಸಾವಿರ ಡಾಲರ್, 17 ತಿಂಗಳು ಊಟ, ಬಾಡಿಗೆ, ಕಾರು ಪೆಟ್ರೋಲು ಅಂತ ಸುಮಾರು 15 ಸಾವಿರ, ಟಿಕೆಟ್ಟು, ವೀಸಾ ಎಲ್ಲ ಸೇರಿ ಹತ್ತಿರ ಹತ್ತಿರ 70 ಲಕ್ಷ. ಏಜೆಂಟ್ ಹೇಳಿದ್ದು 45ರೊಳಗೆ.

ಈಗ ಒಳ್ಳೇದು ಹೇಳ್ತೀನಿ, ಇಲ್ಲಾಂದ್ರೆ ಇವನಿಗೆ ಬರೀ ಗೊಣಗೋದೇ ಕೆಲಸ ಅಂದ್ಕೋತೀರ.

ಕಲಿಸೋದು ಚೆನ್ನಾಗಿದೆ. ನಿಜವಾಗ್ಲೂ ಚೆನ್ನಾಗಿದೆ. ಮೊದಲನೇ ದಿನಾನೇ ಸೆಸ್ನಾ 172 ಅನ್ನೋ ಪುಟ್ಟ ವಿಮಾನದ ಸುತ್ತ ಸುತ್ತಿಸಿ, ರೆಕ್ಕೆ ಕೆಳಗೆ ಸಣ್ಣ ಪ್ಲಾಸ್ಟಿಕ್ ಲೋಟ ಒತ್ತಿ ಇಂಧನ ಇಳಿಸಿ ಬೆಳಕಿಗೆ ಹಿಡಿದು ತೋರಿಸ್ತಾರೆ. ತಿಳಿ ನೀಲಿ ಇರ್ಬೇಕು, ಅದು 100 ಲೋ ಲೆಡ್ ಅನ್ನೋ ಪೆಟ್ರೋಲಿನ ಬಣ್ಣ. ತಳದಲ್ಲಿ ಗುಳ್ಳೆ ತರ ನಿಂತಿದ್ರೆ ನೀರು. ಫ್ಲೋರಿಡಾದ ಸೆಕೆಗೆ, ತೇವಕ್ಕೆ ಟ್ಯಾಂಕಲ್ಲಿ ನೀರು ಸೇರೋದು ಮಾಮೂಲು. ಒಂದು ದಿನ ನನ್ನ ಲೋಟದಲ್ಲಿ ನಿಜವಾಗ್ಲೂ ಕಡಲೆ ಕಾಳಿನಷ್ಟು ನೀರು ಸಿಕ್ತು, ಮತ್ತೆ ಮತ್ತೆ ಇಳಿಸಿ ಇಳಿಸಿ ಆರನೇ ಲೋಟಕ್ಕೆ ಪೂರ್ತಿ ನೀಲಿ ಬಂತು. ಆವತ್ತಿಂದ ಆ ಕೆಲಸ ನಾನು ಯಾವತ್ತೂ ಕಣ್ಣು ತಪ್ಪಿಸಿ ಮಾಡಿಲ್ಲ.

ರೇಡಿಯೋ ಮೊದಲು ತುಂಬಾ ಕಷ್ಟ. ಟವರ್‌ನೋರು, ಅಂದ್ರೆ ಏರ್‌ಪೋರ್ಟಿಂದ ವಿಮಾನಗಳಿಗೆ ದಾರಿ ಹೇಳೋರು, ಮಾತಾಡೋ ಸ್ಪೀಡು ಮೆಜೆಸ್ಟಿಕ್‌ನಲ್ಲಿ ಕಂಡಕ್ಟರ್ ಸ್ಟಾಪ್ ಹೆಸರು ಕೂಗಿದ ಹಾಗೆ, ಗೊತ್ತಿರೋನಿಗೆ ಮಾತ್ರ ಅರ್ಥ. ನಾನು ಇಂಗ್ಲಿಷ್ ಮೀಡಿಯಂ ಅಲ್ಲ ಬೇರೆ. ಮೊದಲ ಎರಡು ವಾರ ಅವರು ಏನಂದ್ರೂ "ಸೇ ಅಗೇನ್" ಅಂತಿದ್ದೆ. ಆಮೇಲೆ ರಾತ್ರಿ ಅಡುಗೆ ಮಾಡ್ತಾ ಟವರ್ ಆಡಿಯೋ ಲೈವ್ ಹಾಕ್ಕೊಂಡು ಸಾರಿಗೆ ಒಗ್ಗರಣೆ ಹಾಕೋದು, ಕಿವಿ ಅಲ್ಲೇ, ಒಂದು ತಿಂಗಳಿಗೆ ಹತೋಟಿಗೆ ಬಂತು. ಇದು ಫ್ರೀ, ಯಾರೂ ಹೇಳಿಕೊಡಲ್ಲ, ಇಂಡಿಯಾದಲ್ಲಿ ಇದ್ದಾಗ್ಲೇ ಶುರು ಮಾಡಿ.

ಸೋಲೋ, ಅಂದ್ರೆ ಮೊದಲ ಸಲ ಒಬ್ಬನೇ ಹಾರಿದ್ದರ ಬಗ್ಗೆ ಹೇಳ್ದೆ ಬಿಡೋಕಾಗಲ್ಲ. ಮೇ ತಿಂಗಳು, ಬೆಳಗ್ಗೆ ಏಳು ಗಂಟೆ, ಗಾಳಿ ಇಲ್ಲ. ಮೂರು ಲ್ಯಾಂಡಿಂಗ್ ಮಾಡ್ಸಿ ಇನ್‌ಸ್ಟ್ರಕ್ಟರ್ ಇದ್ದಕ್ಕಿದ್ದ ಹಾಗೆ ಪಕ್ಕಕ್ಕೆ ನಿಲ್ಲಿಸೋಕೆ ಹೇಳ್ದ, ಹೆಡ್‌ಸೆಟ್ ತೆಗೆದ, ತನ್ನ ಸೀಟ್ ಬೆಲ್ಟ್ ಖಾಲಿ ಸೀಟಿಗೇ ಬಿಗಿದ, ಯಾಕಂದ್ರೆ ಸಡಿಲ ಇದ್ರೆ ಕಂಟ್ರೋಲಿಗೆ ಸಿಕ್ಕಾಕೊಳ್ಳುತ್ತೆ, ಬಾಗಿಲು ಹಾಕಿ ಎರಡು ಸಲ ತಟ್ಟಿ ಹೊರಟೇಹೋದ. ಪುಣ್ಯಾತ್ಮ ಏನೂ ಹೇಳ್ಲಿಲ್ಲ. ಅವನು 90 ಕೆಜಿ ಇದ್ದ, ಅವನಿಲ್ಲದ ವಿಮಾನ ಬೇರೇನೇ ವಿಮಾನ, 55 ನಾಟ್ಸ್ ಸ್ಪೀಡಿಗೆ ಮೂಗು ಎತ್ತೋದೇ ತಡ ಗಾಳಿಪಟದ ಹಾಗೆ ಎದ್ದುಬಿಡ್ತು. ಅಭ್ಯಾಸಬಲ, ಪಕ್ಕದ ಸೀಟಿಂದ "ರೈಟ್ ರಡ್ಡರ್, ರೈಟ್ ರಡ್ಡರ್" ಅನ್ನೋ ಕೂಗು ಬರುತ್ತೆ ಅಂತ ಕಾಯ್ತಿದ್ದೆ, ಫುಲ್ ಪವರಲ್ಲಿ ಮೇಲೇರುವಾಗ ಮೂಗು ಎಡಕ್ಕೆ ಎಳೆಯುತ್ತೆ ಬಲಗಾಲು ಒತ್ಲೇಬೇಕು, ಆ ಕೂಗು ಬರ್ಲಿಲ್ಲ, ನಾನೇ ಜೋರಾಗಿ ಕೂಗಿಕೊಂಡೆ. ಇಳಿಯುವಾಗ ಪೂರ್ತಿ ಕನ್ನಡದಲ್ಲಿ ನನ್ನಷ್ಟಕ್ಕೇ ಮಾತಾಡ್ತಿದ್ದೆ, "ಅರವತ್ತೈದು, ಅರವತ್ತೈದು, ಕಣ್ಣು ಕೊನೇಲಿಡು, ಕೊನೇಲಿಡು, ಈಗ ಮೆಲ್ಲಗೆ, ಮೆಲ್ಲಗೆ". ಇಳಿದ ಮೇಲೆ ಅಲ್ಲಿನ ಸಂಪ್ರದಾಯದ ಪ್ರಕಾರ ಟೀ ಶರ್ಟ್ ಬೆನ್ನಿನ ಭಾಗ ಕತ್ತರಿಸಿ ಅದರ ಮೇಲೆ ತಾರೀಕು ಬರೆದುಕೊಟ್ರು. ಅಮ್ಮಂಗೆ ಫೋಟೋ ಕಳ್ಸಿದ್ರೆ "ಹೊಸ ಬಟ್ಟೆ ಯಾಕೋ ಹರಿದ್ರು, ಬಿದ್ಯೇನೋ?" ಅಂತ ಗಾಬರಿ.

ಇಷ್ಟು ದಿನ ಸ್ವರ್ಗ. ಜೂನ್ ಬಂತು, ಮೊದಲನೇ ಕಾಯೋದು ಶುರು, ಹವಾಮಾನಕ್ಕೆ.

ಫ್ಲೋರಿಡಾಗೆ "ವರ್ಷಪೂರ್ತಿ ಬಿಸಿಲು" ಅಂತ ಬ್ರೋಶರ್‌ನಲ್ಲಿ ಹಾಕ್ತಾರೆ, ಬಿಸಿಲೇನೋ ನಿಜ. ಆದ್ರೆ ಬೇಸಿಗೇಲಿ ಒಂದು ಕಡೆ ಅಟ್ಲಾಂಟಿಕ್‌ನಿಂದ, ಇನ್ನೊಂದು ಕಡೆ ಮೆಕ್ಸಿಕೋ ಕೊಲ್ಲಿಯಿಂದ ಎರಡೂ ಸಮುದ್ರದ ಗಾಳಿ ಒಳಕ್ಕೆ ನುಗ್ಗಿ ಮಧ್ಯದಲ್ಲಿ ಡಿಕ್ಕಿ ಹೊಡೀತವೆ, ಮಧ್ಯದಲ್ಲಿ ಇರೋದು ನಾವು. ಮಧ್ಯಾಹ್ನ ಒಂದು ಗಂಟೆಗೆ ಹೂಕೋಸಿನ ತರ ಮೋಡ ಏಳೋಕೆ ಶುರು, ಮೂರಕ್ಕೆ ಗುಡುಗು ಸಿಡಿಲು, ಆರಕ್ಕೆ ಪುನಃ ಶುಭ್ರ. ದಿನಾ. ಗುಡುಗು ಮೋಡದ ಹತ್ರ ಹೋಗೋ ಹಾಗಿಲ್ಲ, ಅದು ಸರಿಯೇ, ಅದರಲ್ಲಿ ಸ್ಕೂಲಿನ ತಪ್ಪಿಲ್ಲ. ತಪ್ಪು ಏನಂದ್ರೆ ಮಧ್ಯಾಹ್ನದ ಸ್ಲಾಟು ಹಾರಲ್ಲ ಅಂತ ಅವರಿಗೆ ಗೊತ್ತು, ಆದ್ರೂ ಹೊಸಬರಿಗೆಲ್ಲ ಎರಡು ಗಂಟೆ ಸ್ಲಾಟು ಕೊಡೋದು, ಬೆಳಗಿನ ಆರು ಗಂಟೆ ಸ್ಲಾಟು ಇನ್‌ಸ್ಟ್ರಕ್ಟರ್ ಜೊತೆ ಚೆನ್ನಾಗಿರೋ ನಾಕು ಜನಕ್ಕೆ. ಜೂನ್, ಜುಲೈ ಎರಡು ತಿಂಗಳಲ್ಲಿ ನನ್ನ ಹೆಸರಿಗೆ 41 ಸ್ಲಾಟು, ಹಾರಿದ್ದು 13. ಡೈರಿ ಇಟ್ಟಿದ್ದೀನಿ, ಬಾಯಿಗೆ ಬಂದ ಹಾಗೆ ಹೇಳ್ತಿಲ್ಲ.

ಎರಡನೇ ಕಾಯೋದು ವಿಮಾನಕ್ಕೆ. ವೆಬ್‌ಸೈಟಲ್ಲಿ 22 ವಿಮಾನ ಅಂತ ಇತ್ತು. ನಾನು ರ‍್ಯಾಂಪಲ್ಲಿ ಅಂದ್ರೆ ವಿಮಾನ ನಿಲ್ಲಿಸೋ ಜಾಗದಲ್ಲಿ ಎಣಿಸಿದ್ದು 14. ಅದರಲ್ಲಿ ಯಾವ ದಿನ ನೋಡಿದ್ರೂ ಹಾರೋದು ಆರೋ ಏಳೋ. ಬಾಡಿಗೆಗೆ, ಕಲಿಸೋಕೆ ಬಳಸೋ ವಿಮಾನಕ್ಕೆ ಪ್ರತಿ 100 ಗಂಟೆಗೊಂದ್ಸಲ ತಪಾಸಣೆ ಆಗ್ಲೇಬೇಕು, ಸೀಸನ್ನಲ್ಲಿ 100 ಗಂಟೆ ಒಂದು ತಿಂಗಳಲ್ಲೇ ಮುಗಿಯುತ್ತೆ. ಮೆಕ್ಯಾನಿಕ್ ಇಬ್ಬರು. ಒಳಗೆ ಹೋದ ವಿಮಾನ ಯಾವತ್ತು ಹೊರಗೆ ಬರುತ್ತೆ ಅಂತ ಕೇಳಿದ್ರೆ "ಪಾರ್ಟ್ ಬರ್ಬೇಕು". ನಮ್ಮೂರ ಮೋಟರ್ ರಿವೈಂಡಿಂಗ್ ಅಂಗಡಿಯೋನೂ ಇದೇ ಹೇಳ್ತಾನೆ, ಅವನು ಕೊನೇಪಕ್ಷ ಒಂದು ಟೀ ಕುಡಿಸ್ತಾನೆ.

ಮೂರನೇದು ಇನ್‌ಸ್ಟ್ರಕ್ಟರ್. ಇದು ಮಾತ್ರ ಹೋಗೋ ಮುಂಚೆ ನನಗೆ ಯಾರಾದ್ರೂ ಹೇಳಿದ್ರೆ ಅವರ ಕಾಲು ಹಿಡ್ಕೋತಿದ್ದೆ. ಅಮೆರಿಕದಲ್ಲಿ ಇನ್‌ಸ್ಟ್ರಕ್ಟರ್ ಅಂದ್ರೆ ನಮ್ಮಲ್ಲಿ ತರ ತಲೆ ನರೆತ ಕ್ಯಾಪ್ಟನ್ ಅಲ್ಲ, ಹೆಚ್ಚಿನೋರು 22, 23 ವರ್ಷದ ಹುಡುಗರು, ಹುಡುಗೀರು. ಅಲ್ಲಿ ಏರ್‌ಲೈನ್‌ಗೆ ಸೇರೋಕೆ ಸಾಮಾನ್ಯವಾಗಿ 1500 ಗಂಟೆ ಬೇಕು, ಆ ಗಂಟೆ ಕೂಡಿಸೋಕೆ ಸುಲಭದ ದಾರಿ ನಮಗೆ ಕಲಿಸೋದು. ಕಲಿಸ್ತಾರೆ ಚೆನ್ನಾಗಿ, ಪ್ರೀತಿಯಿಂದ್ಲೇ ಕಲಿಸ್ತಾರೆ, ಆದ್ರೆ 1500 ಆದ ದಿನ ಗಂಟು ಮೂಟೆ ಕಟ್ತಾರೆ. 2022ರಲ್ಲಿ ಕೋವಿಡ್ ಮುಗಿದು ಅಲ್ಲಿನ ಏರ್‌ಲೈನ್‌ಗಳು ಸಿಕ್ಕ ಸಿಕ್ಕೋರನ್ನ ತಗೋತಿದ್ವು. ನನಗೆ 17 ತಿಂಗಳಲ್ಲಿ ಐದು ಜನ ಇನ್‌ಸ್ಟ್ರಕ್ಟರ್. ಹೊಸಬ ಬಂದಾಗ್ಲೆಲ್ಲ "ನೀನು ಹೇಗೆ ಹಾರಿಸ್ತೀಯ ನೋಡ್ಬೇಕು" ಅಂತ ಎರಡು ಮೂರು ಫ್ಲೈಟು ಹಳೇದನ್ನೇ ಮಾಡ್ಸೋದು, ಅವನ ದೃಷ್ಟೀಲಿ ಅದು ನ್ಯಾಯ, ಅವನ ಸಹಿ ಮೇಲೆ ನಾನು ಪರೀಕ್ಷೆಗೆ ಹೋಗೋದಲ್ವಾ. ಆದ್ರೆ ದುಡ್ಡು ನಂದು. ಒಂದು ಬದಲಾವಣೆಗೆ ಸರಾಸರಿ ಸಾವಿರ ಡಾಲರ್ ಹಿಡ್ಕೊಳ್ಳಿ.

ಮೀಟರ್ ಹೇಗೆ ಓಡುತ್ತೆ ಗೊತ್ತಾದ್ರೆ ಈ ನೋವು ಅರ್ಥ ಆಗುತ್ತೆ. ಡ್ಯಾಶ್‌ಬೋರ್ಡಲ್ಲಿ ಹಾಬ್ಸ್ ಮೀಟರ್ ಅಂತ ಒಂದು ಪುಟ್ಟ ಡಬ್ಬಿ, ಗಂಟೆಯ ಹತ್ತನೇ ಒಂದು ಭಾಗ ಅಂದ್ರೆ ಆರು ನಿಮಿಷಕ್ಕೊಂದ್ಸಲ ಟಕ್ ಅಂತ ಒಂದಂಕಿ ತಿರುಗುತ್ತೆ. ನಮ್ಮ ಸ್ಕೂಲಲ್ಲಿ ವಿಮಾನ ಗಂಟೆಗೆ 185 ಡಾಲರ್, ಇನ್‌ಸ್ಟ್ರಕ್ಟರ್ 70. ಇಂಜಿನ್ ಸ್ಟಾರ್ಟ್ ಆದ ಕ್ಷಣದಿಂದ ಮೀಟರ್ ಶುರು, ಹಾರೋಕೆ ಶುರುವಾದ ಮೇಲಲ್ಲ. ಬೆಳಗ್ಗೆ ಎಂಟಕ್ಕೆ ರನ್‌ವೇ ಮುಂದೆ ಏಳೆಂಟು ವಿಮಾನದ ಕ್ಯೂ, ನಾವು ಕೊನೇಲಿ, ಪ್ರೊಪೆಲ್ಲರ್ ಸುಮ್ನೆ ತಿರುಗ್ತಿರುತ್ತೆ, ಎಸಿ ಇಲ್ಲ, ಬೆನ್ನು ಸೀಟಿಗೆ ಅಂಟ್ಕೊಂಡಿದೆ, ಟಕ್. ಮತ್ತೆ ಟಕ್. ಹದಿನೆಂಟು ನಿಮಿಷ ನಿಂತ್ರೆ 76 ಡಾಲರ್, ಆರು ಸಾವಿರ ರೂಪಾಯಿ ಮೇಲೆ. ಅಪ್ಪನ ಅಂಗಡೀಲಿ ಆರು ಸಾವಿರ ಉಳಿಯೋಕೆ ಎಷ್ಟು ದಿನ ಬೇಕು ಅಂತ ನಾನು ಲೆಕ್ಕ ಹಾಕ್ತಾ ಕೂತಿರ್ತಿದ್ದೆ, ಹಾಕ್ಬಾರ್ದು, ಕಾಕ್‌ಪಿಟ್‌ನಲ್ಲಿ ಆ ಲೆಕ್ಕ ಹಾಕಿದ್ರೆ ಲ್ಯಾಂಡಿಂಗ್ ಕೆಡುತ್ತೆ. ಇಂಥ ಕ್ಯೂ ಇರೋ ಏರ್‌ಪೋರ್ಟಿಗಿಂತ ಟವರ್ ಇಲ್ಲದ ಸಣ್ಣ ಹಳ್ಳಿ ಏರ್‌ಪೋರ್ಟಲ್ಲಿ ಇರೋ ಸ್ಕೂಲು ಅಗ್ಗ ಬೀಳುತ್ತೆ, ಆದ್ರೆ ರೇಡಿಯೋ ಅಷ್ಟು ಪಕ್ಕಾ ಆಗಲ್ಲ. ಎರಡರಲ್ಲಿ ಯಾವ್ದು ಬೇಕು ನೀವೇ ನೋಡಿ.

ಇನ್ನು ನಾಕನೇ ಕಾಯೋದು ಪರೀಕ್ಷಕರಿಗೆ. ಅಲ್ಲಿ ಚೆಕ್‌ರೈಡ್, ಅಂದ್ರೆ ಹಾರಿಸಿ ತೋರಿಸೋ ಪರೀಕ್ಷೆ, ಮಾಡೋದು ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಒಪ್ಪಿಗೆ ಕೊಟ್ಟಿರೋ ಖಾಸಗಿ ಪರೀಕ್ಷಕರು, ಡಿಪಿಇ ಅಂತಾರೆ. ಫೀಸು ಅವರವರೇ ನಿಗದಿ ಮಾಡ್ಕೋತಾರೆ, ನಾನು ಒಂದೊಂದಕ್ಕೆ 900 ಕೊಟ್ಟೆ. ಫ್ಲೋರಿಡಾದಲ್ಲಿ ಸ್ಟೂಡೆಂಟ್ಸ್ ಜಾಸ್ತಿ, ಇವರು ಕಮ್ಮಿ, ಡೇಟು ಸಿಗೋಕೆ ಐದಾರು ವಾರ. ಆ ಐದಾರು ವಾರ ಸುಮ್ನಿದ್ರೆ ಕೈ ಕೆಡುತ್ತೆ, ಹಾಗಾಗಿ ವಾರಕ್ಕೆರಡು ಸಲ "ಕೈ ಬೆಚ್ಚಗಿಡೋಕೆ" ಹಾರ್ಬೇಕು, ಅದಕ್ಕೂ ಬಿಲ್ಲು. 2022 ಸೆಪ್ಟೆಂಬರ್ 28ಕ್ಕೆ ಇಯಾನ್ ಚಂಡಮಾರುತ ಬಂತಲ್ಲ, ನನ್ನ ಮುಂದಿನ ಹಂತದ ಚೆಕ್ ಅದೇ ವಾರ ಇತ್ತು. ವಿಮಾನಗಳನ್ನ ಕೆಲವು ಉತ್ತರಕ್ಕೆ ಹಾರಿಸ್ಕೊಂಡು ಹೋದ್ರು, ಉಳಿದವನ್ನ ಹ್ಯಾಂಗರಲ್ಲಿ ಒಂದರ ರೆಕ್ಕೆ ಕೆಳಗೆ ಇನ್ನೊಂದು ತುರುಕಿದ್ರು. ನಾವು ನಾಕು ಜನ ಅಪಾರ್ಟ್‌ಮೆಂಟ್ ಬಾತ್‌ರೂಮಲ್ಲಿ ಹಾಸಿಗೆ ಹಾಕ್ಕೊಂಡು ಎಂಟಿಆರ್ ಪುಳಿಯೋಗರೆ ಪುಡೀಲಿ ಎರಡು ದಿನ ಕಳೆದ್ವಿ. ಅದಾದ ಮೇಲೆ ಬ್ಯಾಕ್‌ಲಾಗ್ ಕರಗೋಕೆ ತಿಂಗಳಾಯ್ತು. ಅದೇ ವರ್ಷ ನವೆಂಬರ್ 16ರ ಬೆಳಗಿನ ಜಾವ ಪಾರ್ಕಿಂಗ್ ಲಾಟಲ್ಲಿ ನಿಂತು ನಾಸಾದ ಆರ್ಟೆಮಿಸ್ 1 ರಾಕೆಟ್ಟು ಚಂದ್ರನ ಕಡೆ ಹೊರಡೋದು ನೋಡಿದ್ವಿ, ಪೂರ್ವಕ್ಕೆ ಅರ್ಧ ಆಕಾಶ ಕಿತ್ತಲೆ ಬಣ್ಣ, ಅದು ಮಾತ್ರ ಯಾವ ಬಿಲ್ಲಿಗೂ ಸೇರ್ಲಿಲ್ಲ.

ನನ್ನ ತಪ್ಪೂ ಇದೆ. ಕಮರ್ಷಿಯಲ್ ಚೆಕ್‌ರೈಡಲ್ಲಿ ಫೇಲಾದೆ. ಪವರ್ ಆಫ್ 180 ಅಂತ ಒಂದು ಐಟಂ, ರನ್‌ವೇ ಪಕ್ಕ ಹೋಗ್ತಾ ಪರೀಕ್ಷಕ ಥ್ರಾಟಲ್ ಪೂರ್ತಿ ಎಳೆದುಬಿಡ್ತಾನೆ, ಇಂಜಿನ್ ಸಹಾಯ ಇಲ್ಲದೆ ಗ್ಲೈಡ್ ಮಾಡಿ ತಿರುಗಿ ಮೊದಲೇ ಹೇಳಿದ ಗೆರೆ ದಾಟಿ 200 ಅಡಿ ಒಳಗೆ ಚಕ್ರ ಮುಟ್ಟಿಸ್ಬೇಕು, ಗೆರೆಗಿಂತ ಒಂದಡಿ ಮುಂಚೆ ಮುಟ್ಟಿದ್ರೂ ಫೇಲು. ಎದುರು ಗಾಳಿ ನಾನಂದ್ಕೊಂಡಿದ್ದಕ್ಕಿಂತ ಜಾಸ್ತಿ ಇತ್ತು, ಗೆರೆ ಇನ್ನೂ ಮುಂದಿದೆ ಅನ್ನೋದು ಕಣ್ಣಿಗೆ ಕಾಣ್ತಿದೆ, ಮೂಗು ಎತ್ತಿ ಎಳೆಯೋಣ ಅನ್ಸುತ್ತೆ, ಎಳೆದ್ರೆ ಸ್ಪೀಡು ಹೋಗಿ ಇನ್ನೂ ಮುಂಚೆ ಕೂರುತ್ತೆ. ಕೂತ್ತು. ಗೆರೆಗಿಂತ ಸುಮಾರು ಮೂವತ್ತಡಿ ಹಿಂದೆ. ಪರೀಕ್ಷಕ ವಯಸ್ಸಾದೋರು, ಏನೂ ಅನ್ಲಿಲ್ಲ, ಪೆನ್ ತೆಗೆದ್ರು ಅಷ್ಟೆ. ಮರುಪರೀಕ್ಷೆ ಫೀಸು 450, ಮತ್ತೆ ಮೂರು ವಾರ ಕಾಯೋದು, ಮಧ್ಯೆ ನಾಕು ಪ್ರ್ಯಾಕ್ಟೀಸ್ ಫ್ಲೈಟು. ಆವತ್ತು ರಾತ್ರಿ ಮನೆಗೆ ಫೋನ್ ಮಾಡ್ಲಿಲ್ಲ.

ವೀಸಾ ವಿಷಯ ಚಿಕ್ಕದಾಗಿ. ವೃತ್ತಿ ತರಬೇತಿಗೆ ಕೊಡೋ ಎಂ-1 ಸ್ಟೂಡೆಂಟ್ ವೀಸಾ, ಚೆನ್ನೈಗೆ ಹೋಗಿ ಇಂಟರ್‌ವ್ಯೂ. ಅದು ಒಂದು ವರ್ಷಕ್ಕೆ ಮಾತ್ರ, ಓದ್ತಾ ಕೆಲಸ ಮಾಡೋ ಹಾಗಿಲ್ಲ, ಪಿಜ್ಜಾ ಅಂಗಡೀಲೂ ಇಲ್ಲ. 10 ತಿಂಗಳ ಕೋರ್ಸು ವರ್ಷ ದಾಟ್ತು, ಐ-539 ಅರ್ಜಿ ಹಾಕಿ ಎಕ್ಸ್‌ಟೆನ್ಶನ್‌ಗೆ ಕಾಯೋದು ಇನ್ನೊಂದು ತಲೆನೋವು. ಸ್ಕೂಲು ಪೇಪರ್ ಕೊಡೋಕೆ ಮೂರು ವಾರ ತಗೊಂಡ್ತು, ರಿಸೆಪ್ಷನ್ ಅಜ್ಜಿ ಇಲ್ದಿದ್ರೆ ಗಡುವು ತಪ್ಪಿಹೋಗ್ತಿತ್ತು.

ಈಗ ಬರೋದು ಬೆಂಕಿ ವಿಷಯ, ಹಾರಿದ ಗಂಟೆಗಳನ್ನ ಬರ್ಕೊಳ್ಳೋ ಲಾಗ್‌ಬುಕ್. ಕಮರ್ಷಿಯಲ್ ಲೈಸೆನ್ಸ್ ಕೊಡೋಕೆ ನಮ್ಮ ದೇಶದ ವಿಮಾನಯಾನ ಇಲಾಖೆ ಡಿಜಿಸಿಎಗೆ ಒಟ್ಟು 200 ಗಂಟೆ, ಅದರಲ್ಲಿ 100 ಗಂಟೆ ಪೈಲಟ್ ಇನ್ ಕಮಾಂಡ್ (ಪಿಐಸಿ, ವಿಮಾನದ ಪೂರ್ತಿ ಜವಾಬ್ದಾರಿ ನಿಮ್ಮದೇ), ಅದರೊಳಗೆ ಕ್ರಾಸ್ ಕಂಟ್ರಿ (ಒಂದೂರಿಂದ ಇನ್ನೊಂದೂರಿಗೆ ಹಾರೋದು) 50, ಒಂದು 300 ನಾಟಿಕಲ್ ಮೈಲಿ ಪ್ರಯಾಣ ಎರಡು ಬೇರೆ ಏರ್‌ಪೋರ್ಟಲ್ಲಿ ಪೂರ್ತಿ ನಿಂತು, ರಾತ್ರಿ 5 ಗಂಟೆ 10 ಟೇಕಾಫ್ 10 ಲ್ಯಾಂಡಿಂಗ್. ಅಮೆರಿಕದ ನಿಯಮದಲ್ಲಿ ಪ್ರೈವೇಟ್ ಲೈಸೆನ್ಸ್ ಬಂದ ಮೇಲೆ ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಕೂತಿದ್ರೂ ನೀವೇ ಹಾರಿಸ್ತಿದ್ರೆ ಅದನ್ನ ಪಿಐಸಿ ಅಂತ ಬರ್ಕೋಬಹುದು, ಇಬ್ಬರು ಸ್ನೇಹಿತರು ಸೇರಿ ಒಬ್ಬ ಹೊರಗಡೆ ಕಾಣದ ಹಾಗೆ ಕಣ್ಣಿಗೆ ಹುಡ್ ಹಾಕ್ಕೊಂಡು ಬರೀ ಮೀಟರ್ ನೋಡಿ ಹಾರಿಸಿ, ಇನ್ನೊಬ್ಬ ಹೊರಗಡೆ ನೋಡ್ಕೊಳ್ಳೋ ಸೇಫ್ಟಿ ಪೈಲಟ್ ಆದ್ರೆ ಇಬ್ಬರೂ ಬರ್ಕೋಬಹುದು. ಅಲ್ಲಿ ಅದು ಕಾನೂನುಬದ್ಧ. ಇಲ್ಲಿ ಬಂದು ತೋರಿಸಿದ್ರೆ ಆ ಗಂಟೆ ಲೆಕ್ಕಕ್ಕಿಲ್ಲ. ಸ್ಕೂಲಿನೋರಿಗೆ ಇದು ಗೊತ್ತಿತ್ತು, ವರ್ಷಾ ವರ್ಷ ಇಂಡಿಯನ್ ಸ್ಟೂಡೆಂಟ್ಸ್ ಬರ್ತಾರೆ, ಆದ್ರೂ "ಟೈಮ್ ಬಿಲ್ಡಿಂಗ್ (ಗಂಟೆ ಕೂಡಿಸೋದು) ಶೇರ್ ಮಾಡ್ಕೊಳ್ಳಿ, ದುಡ್ಡು ಉಳಿಯುತ್ತೆ" ಅಂತ ಅವರೇ ಜೋಡಿ ಮಾಡಿಕೊಡ್ತಿದ್ರು. ನನ್ನ ರೂಮ್‌ಮೇಟ್ ಹುಬ್ಬಳ್ಳಿ ಹುಡುಗ ಹೀಗೆ 31 ಗಂಟೆ ಮಾಡಿದ್ದ. ಹಿಂದಕ್ಕೆ ಹೋಗೋ ಟಿಕೆಟ್ ಬುಕ್ ಮಾಡೋ ಹಿಂದಿನ ವಾರ ಯಾರೋ ಹೇಳಿ ಗೊತ್ತಾಯ್ತು. "ಇದೇನಲೇ, ಅಷ್ಟೂ ನೀರಾಗ ಹ್ವಾತಲ್ಲ" ಅಂತ ಲಾಗ್‌ಬುಕ್ ತೊಡೆ ಮೇಲಿಟ್ಕೊಂಡು ಅರ್ಧ ಗಂಟೆ ಗೋಡೆ ನೋಡ್ತಾ ಕೂತಿದ್ದ. ಮತ್ತೆ ಆರು ಸಾವಿರ ಡಾಲರ್ ತರಿಸಿ ಒಬ್ಬನೇ ಹಾರಿದ.

ಮೆಡಿಕಲ್ ಕೂಡ ಹೋಗೋ ಮುಂಚೆ ಮುಗಿಸಿ. ಕ್ಲಾಸ್ 2 ಮಾತ್ರ ಅಲ್ಲ, ಕಮರ್ಷಿಯಲ್ ಲೈಸೆನ್ಸ್‌ಗೆ ಬೇಕಾದ ಕ್ಲಾಸ್ 1. ನಾನು ಬೆಂಗಳೂರಲ್ಲಿ ಐಎಎಂ ಅಂದ್ರೆ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿ ಮಾಡಿಸ್ದೆ, ಹಳೇ ಏರ್‌ಪೋರ್ಟ್ ರೋಡಲ್ಲಿದೆ, ಏರ್‌ಫೋರ್ಸ್‌ನೋರು, ಕಣ್ಣು ಕಿವಿ ಹೃದಯ ಎಲ್ಲ ಜಾಲಾಡ್ತಾರೆ, ಶಿಸ್ತಾಗಿ ನಡೀತು. ಬ್ಯಾಚಿನ ಒಬ್ಬ ಬರೀ ಕ್ಲಾಸ್ 2 ಇಟ್ಕೊಂಡು ಬಂದಿದ್ದ, 60 ಲಕ್ಷ ಸುರಿದು ವಾಪಸ್ ಬಂದ ಮೇಲೆ ಕ್ಲಾಸ್ 1ರಲ್ಲಿ ಟೆಂಪರರಿ ಅನ್‌ಫಿಟ್ ಆಗಿ ಎಂಟು ತಿಂಗಳು ಅಲೆದ. ಹಾಗೇ ಡಿಜಿಸಿಎ ಪೇಪರುಗಳು, ನ್ಯಾವಿಗೇಷನ್, ಮೀಟಿಯರಾಲಜಿ, ರೆಗ್ಯುಲೇಷನ್, 70 ಪಾಸ್ ಮಾರ್ಕು, ಆದಷ್ಟೂ ಇಲ್ಲೇ ಬರೆದು ಹೋಗಿ. ಅಲ್ಲಿಂದ ಬಂದ ಮೇಲೆ ಪುಸ್ತಕ ಹಿಡಿಯೋಕೆ ಮನಸ್ಸು ಬರಲ್ಲ, ಸಾಲದ ಕಂತು ಬೇರೆ ಶುರುವಾಗಿರುತ್ತೆ. ನನಗೆ ಎಫ್‌ಎಎ ವೆರಿಫಿಕೇಶನ್, ಪೇಪರು, ಆರ್‌ಟಿಆರ್ ಅನ್ನೋ ರೇಡಿಯೋ ಲೈಸೆನ್ಸು, ಎಲ್ಲ ಸೇರಿ ಇಂಡಿಯನ್ ಲೈಸೆನ್ಸ್ ಕೈಗೆ ಬರೋಕೆ ಹನ್ನೊಂದು ತಿಂಗಳಾಯ್ತು.

ಕೆಲಸ? ಸೆಮಿನಾರಲ್ಲಿ "ಪೈಲಟ್ ಕೊರತೆ" ಅಂತ ಒಂದು ಸ್ಲೈಡ್ ಇತ್ತಲ್ಲ, ಆ ಕೊರತೆ ಸುಳ್ಳಲ್ಲ, ಆದ್ರೆ ಅದು ಕ್ಯಾಪ್ಟನ್‌ಗಳ ಕೊರತೆ, ಸಾವಿರಾರು ಗಂಟೆ ಹಾರಿದೋರ ಕೊರತೆ. 200 ಗಂಟೆ ಲೈಸೆನ್ಸ್ ಹಿಡ್ಕೊಂಡು ನಿಂತೋರು ಬೇಕಾದಷ್ಟಿದ್ದಾರೆ. ನಾನು ವಾಪಸ್ ಬರೋ ಎರಡು ತಿಂಗಳ ಹಿಂದೆ, 2023 ಮೇ 3ಕ್ಕೆ ಗೋ ಫಸ್ಟ್ ಏರ್‌ಲೈನ್ ಹಾರಾಟ ನಿಲ್ಲಿಸ್ತು, ಅಲ್ಲಿ ಅನುಭವ ಇದ್ದೋರೇ ಬೇರೆ ಏರ್‌ಲೈನ್ ಬಾಗಿಲಲ್ಲಿ ನಿಂತ್ರು, ನಮ್ಮನ್ನ ಯಾರ್ ಕೇಳ್ತಾರೆ. ಅದೇ ವರ್ಷ ಏರ್ ಇಂಡಿಯಾ 470 ವಿಮಾನ, ಇಂಡಿಗೋ 500 ವಿಮಾನ ಆರ್ಡರ್ ಮಾಡಿದ್ವು, ಪೇಪರಲ್ಲಿ ಓದಿದ ನೆಂಟರೆಲ್ಲ ಅಪ್ಪಂಗೆ ಫೋನು, "ಇನ್ನೇನು ಬಿಡಿ ನಿಮ್ಮ ಹುಡುಗಂಗೆ". ಆರ್ಡರ್ ಮಾಡಿದ ವಿಮಾನ ಮಾರನೇ ದಿನ ಬರೋಕೆ ಅದೇನು ಟಿವಿಎಸ್ ಎಕ್ಸ್‌ಎಲ್ಲಾ, ವರ್ಷಗಟ್ಟಲೆ ಹಿಡಿಯುತ್ತೆ. ಮೊನ್ನೆ 2025 ಡಿಸೆಂಬರಲ್ಲಿ ಪೈಲಟ್‌ಗಳ ವಿಶ್ರಾಂತಿ ನಿಯಮ ಬಂದು ಇಂಡಿಗೋ ಫ್ಲೈಟ್‌ಗಳು ಸಾಲು ಸಾಲಾಗಿ ಕ್ಯಾನ್ಸಲ್ ಆದಾಗ್ಲೂ ಅದೇ ಫೋನು. ಈಗ ನಾನು ಬೆಂಗಳೂರಲ್ಲಿ ಒಂದು ಕೋಚಿಂಗ್ ಸೆಂಟರಲ್ಲಿ ಮೀಟಿಯರಾಲಜಿ ಪಾಠ ಮಾಡ್ತೀನಿ, ಎರಡು ಸಲ ಏರ್‌ಲೈನ್ ಪರೀಕ್ಷೆ ಬರೆದಿದ್ದೀನಿ, ಒಂದರಲ್ಲಿ ಕೊನೇ ಸುತ್ತಿಗೆ ಹೋಗಿದ್ದೆ. ಏರ್‌ಬಸ್ ಎ320 ಹಾರಿಸೋಕೆ ಬೇಕಾದ ಟೈಪ್ ರೇಟಿಂಗ್ ಅನ್ನೋ ತರಬೇತಿ ಕೈಯಿಂದ ದುಡ್ಡು ಹಾಕಿ ಮಾಡ್ಕೊಂಡ್ರೆ ದಾರಿ ಸ್ವಲ್ಪ ಅಗಲ ಆಗುತ್ತೆ, ಅದಕ್ಕೆ ಮತ್ತೆ ಲಕ್ಷಗಟ್ಟಲೆ, ಅಡ ಇಡೋಕೆ ಇನ್ನೊಂದು ತೋಟ ಇಲ್ಲ.

ಕೋಚಿಂಗ್‌ಗೆ ಬರೋ ಹುಡುಗರು "ಅಣ್ಣ, ಯಾವ ಸ್ಕೂಲು ಒಳ್ಳೇದು" ಅಂತ ಕೇಳಿದ್ರೆ ನಾನು ಹೇಳೋದಿಷ್ಟು. ಗಂಟೆಗೆ ಎಷ್ಟು ಅಂತ ಕೇಳ್ಬೇಡಿ, ಅದು ಎಲ್ಲಾ ಕಡೆ ಹೆಚ್ಚೂಕಮ್ಮಿ ಅಷ್ಟೇ. ಇವತ್ತು ಬೆಳಗ್ಗೆ ಎಷ್ಟು ವಿಮಾನ ಹಾರಿದ್ವು ಅಂತ ಕೇಳಿ. ಒಂದು ವಿಮಾನಕ್ಕೆ ಎಷ್ಟು ಸ್ಟೂಡೆಂಟು, ನಮ್ಮಲ್ಲಿ ಹತ್ತು ಜನ ಇದ್ರು, ಐದರ ಮೇಲಿದ್ರೆ ಯೋಚ್ನೆ ಮಾಡಿ. ಪರೀಕ್ಷಕರು ಸ್ಕೂಲಿಗೇ ಬರ್ತಾರಾ, ಡೇಟಿಗೆ ಎಷ್ಟು ವಾರ. ಏಜೆಂಟ್ ಕೊಡೋ ನಂಬರ್ ಬಿಟ್ಟು, ಆರು ತಿಂಗಳ ಹಿಂದೆ ಬಂದು ಇನ್ನೂ ಅಲ್ಲೇ ಇರೋ ಇಂಡಿಯನ್ ಹುಡುಗ ಒಬ್ಬನನ್ನ ಹುಡುಕಿ ಅವನ ಶೆಡ್ಯೂಲ್ ಸ್ಕ್ರೀನ್‌ಶಾಟ್ ಕೇಳಿ, ಎಷ್ಟು ಕೆಂಪು ಎಷ್ಟು ಹಸಿರು ಅಂತ ಎಣಿಸಿ. ಮತ್ತೆ ಏನೇ ಡಿಸ್ಕೌಂಟ್ ಕೊಟ್ರೂ ಒಂದೇ ಸಲ ದೊಡ್ಡ ಮೊತ್ತ ಕಟ್ಬೇಡಿ, ಹಾರಿದಷ್ಟಕ್ಕೆ ಕೊಡೋ ಹಾಗೆ ಮಾತಾಡಿ. ನಾನು ಐದು ಪರ್ಸೆಂಟ್ ಆಸೆಗೆ ಹದಿನೈದು ಸಾವಿರ ಡಾಲರ್‌ನ ಕಂತು ಮಾಡಿ ಕಟ್ದೆ, ಕೊನೇಲಿ ಅಕೌಂಟಲ್ಲಿ 1140 ಡಾಲರ್ ಉಳೀತು. ವಾಪಸ್ ಕೊಡಿ ಅಂದ್ರೆ ಫಾರಂ ತುಂಬಿ ಅಂದ್ರು, ತುಂಬ್ದೆ, ಅಕೌಂಟ್ಸ್‌ನೋನು ರಜೆ ಅಂದ್ರು, ಕಾಯ್ದೆ, ಅವನು ಕೆಲಸ ಬಿಟ್ಟ ಅಂದ್ರು, ಮತ್ತೆ ಫಾರಂ ತುಂಬ್ದೆ. ತಿಪಟೂರಲ್ಲಿ ಕೂತ್ಕೊಂಡು ಒಟ್ಟು 19 ಇಮೇಲು. ಐದು ತಿಂಗಳಾದ ಮೇಲೆ ಒಂದು ದಿನ ಬ್ಯಾಂಕಿಂದ ಮೆಸೇಜು, 1105 ಡಾಲರ್. 35 ಡಾಲರ್ ಎಲ್ಲಿ ಅಂತ ಕೇಳಿದ್ದಕ್ಕೆ ಅರ್ಧ ಗಂಟೇಲಿ ಉತ್ತರ ಬಂತು, ಅಷ್ಟು ಬೇಗ ಅವರು ಯಾವತ್ತೂ ಉತ್ತರ ಕೊಟ್ಟಿರಲಿಲ್ಲ: ದುಡ್ಡು ಕಳಿಸಿದ್ದಕ್ಕೆ ಚಾರ್ಜು.